ನಾಗಾ ರಾತ್ರಿಗಳ ಲೆಕ್ಕ

ಇಟ್ಟಮಡುವಿನ ನಮ್ಮ ತಾರಸಿಯಿಂದ ಗರುಡ ಪುಂಜದ ಈಟಾ ನಕ್ಷತ್ರವನ್ನು ಬರಿಗಣ್ಣಲ್ಲಿ ನೋಡುತ್ತಾ ಬಂದೆವು. ಅದು 7 ದಿನ 4 ಗಂಟೆಗೊಮ್ಮೆ ಬೆಳಗಿ ಮಂಕಾಗುತ್ತದೆಂದು ಲೆಕ್ಕ ಹಾಕಿದ್ದಕ್ಕೆ ಮಿತ್ರರೊಬ್ಬರು ಮೂರು ಆಕ್ಷೇಪ ಎತ್ತಿದ್ದಾರೆ. ಓದುಗರೇ ತೂಗಿ ನೋಡಲಿ.

ಮೋಡದಿಂದಾಗಿ ಅರ್ಧಕ್ಕರ್ಧ ರಾತ್ರಿ ನಾಗಾ ಆಗಿದೆ. ಆ ದಿನಗಳಿಗೆ ಹಿಂದುಮುಂದಿನ ಅಂಕಿಗಳ ನಡುವೆ ಗೆರೆ ಎಳೆದು ತುಂಬಿಸಿ, ಆಮೇಲೆ ಏರಿಳಿತವನ್ನು ಸೈನ್ ಅಲೆಗಳಾಗಿ ಬಿಡಿಸುವ ಫೂರಿಯೆ ಲೆಕ್ಕ ಮಾಡಬೇಕಿತ್ತಂತೆ. ಅಂದರೆ ಕಾಣದ ನಕ್ಷತ್ರಕ್ಕೆ ಹಾಜರಿ ಹಾಕಬೇಕು! ಸೆಪ್ಟೆಂಬರಿನಲ್ಲಿ ಒಂಬತ್ತು ದಿನ ಮೋಡ ಕವಿದರೆ ಅಷ್ಟರಲ್ಲಿ ಈಟಾ ಒಂದು ಇಡೀ ಸುತ್ತು ಮುಗಿಸಿರುತ್ತದೆ. ಗೆರೆ ಅದನ್ನು ನುಂಗಿಬಿಡುತ್ತದೆ. ನಾವು ಪ್ರತಿ ಆವರ್ತನದ ಸೈನ್ ಅಲೆಯನ್ನೂ ನಿಜವಾಗಿ ನೋಡಿದ ಗಳಿಗೆಗಳಿಗಷ್ಟೇ ಹೊಂದಿಸಿ, ಯಾವುದು ಚೆನ್ನಾಗಿ ಕೂರುತ್ತದೆಂದು ಪರೀಕ್ಷಿಸಿದೆವು; ಚೆನ್ನಾಗಿ ಕೂತದ್ದು ನಕ್ಷೆಯಲ್ಲಿ ಶಿಖರವಾಗಿ ಏಳುತ್ತದೆ. 1976ರಲ್ಲಿ ಲೋಂಬ್, 1982ರಲ್ಲಿ ಸ್ಕಾರ್ಗಲ್ ಹದಗೊಳಿಸಿದ ವಿಧಾನ ಇದು.

ಸಾವಿರಾರು ಆವರ್ತನ ಜಾಲಾಡಿದರೆ ಏನಾದರೂ ಸಿಕ್ಕೇ ಸಿಗುತ್ತದೆ ಎನ್ನುತ್ತಾರೆ. ನಿಜ. ಅದಕ್ಕೇ ವೇಳೆಗಳನ್ನು ಹಾಗೇ ಇಟ್ಟು, ಪ್ರಕಾಶದ ಅಂಕಿಗಳನ್ನು ಇಸ್ಪೀಟಿನೆಲೆಯಂತೆ ಸಾವಿರ ಸಲ ಕಲಸಿ ನೋಡಿದ್ದೇವೆ. ಅಷ್ಟೆತ್ತರದ ಶಿಖರ ಒಮ್ಮೆಯೂ ಏಳಲಿಲ್ಲ. ತಮ್ಮ ಲೆಕ್ಕಕ್ಕೆ ಈ ಪರೀಕ್ಷೆ ಮಾಡಿದ್ದಾರೆಯೇ ಎಂಬುದಕ್ಕೆ ಮಿತ್ರರಿಂದ ಉತ್ತರವಿಲ್ಲ.

ಅವರ ದೊಡ್ಡ ಅಸ್ತ್ರ ಬೇರೆ. ಒಮ್ಮೆ ಏಳಕ್ಕೆ, ಒಮ್ಮೆ ಹತ್ತಕ್ಕೆ ನೋಡುವುದು ಅಶಿಸ್ತು. ತಾವಾದರೋ ದಿನಾ ಎಂಟಕ್ಕೆ ಸರಿಯಾಗಿ ತಾರಸಿ ಹತ್ತುತ್ತಾರೆ. ಶಿಸ್ತಿಗೆ ನಮಸ್ಕಾರ. ಆದರೆ 24 ಗಂಟೆಗೊಮ್ಮೆಯೇ ಕಣ್ಣು ತೆರೆಯುವವನಿಗೆ 7.18 ದಿನದ ಅಲೆಯೂ 1.16 ದಿನದ, ಅಂದರೆ ಸುಮಾರು 28 ಗಂಟೆಯ, ಅಲೆಯೂ ಒಂದೇ ಚುಕ್ಕಿಗಳ ಮೇಲೆ ಹಾದುಹೋಗುತ್ತವೆ. ಯಾವುದು ನಿಜವೆಂದು ಅವರ ನೋಟ್‌ಬುಕ್ ಎಂದೂ ಹೇಳಲಾರದು. ಆ ಸುಳ್ಳು ಶಿಖರ ನಮ್ಮಲ್ಲೂ ಇದೆ, ಮುಚ್ಚಿಡುವುದಿಲ್ಲ, ಆದರೆ ಗಿಡ್ಡ. ಅದನ್ನು ಗಿಡ್ಡ ಮಾಡಿದ್ದು ಅವರು ಬೈಯುವ ಅದೇ ಅಡ್ಡಾದಿಡ್ಡಿ ವೇಳೆ. ತಮಾಷೆಯೆಂದರೆ, ಅಂತರ ಸಮವಾಗಿರಲೇಬೇಕು ಎನ್ನುವವರೇ ಖಾಲಿ ದಿನಗಳನ್ನು ಊಹೆಯಿಂದ ತುಂಬಲು ಹೇಳುವವರು.

ಈ ನಕ್ಷತ್ರದ ಏರಿಳಿತವನ್ನು 1784ರಲ್ಲಿ ಎಡ್ವರ್ಡ್ ಪಿಗಟ್ ಕಂಡುಹಿಡಿದದ್ದು ಇಂಗ್ಲೆಂಡಿನ ಯಾರ್ಕ್‌ನಲ್ಲಿ. ಅಲ್ಲಿನ ಮೋಡ ನಮ್ಮ ಬೆಂಗಳೂರಿನ ಮೋಡಕ್ಕಿಂತ ಸಜ್ಜನವೇನಲ್ಲ.

ಮಿತ್ರರಿಗೆ ಒಂದೇ ಕೋರಿಕೆ. ಈಟಾ ಬೆಳಗುತ್ತಿರುವ ಹಂತದಲ್ಲಿ ಒಂದು ರಾತ್ರಿ ಏಳಕ್ಕೊಮ್ಮೆ, ಹತ್ತಕ್ಕೊಮ್ಮೆ ತಾರಸಿ ಹತ್ತಿ ಅದನ್ನು ಪಕ್ಕದ ಬೀಟಾ ಜೊತೆ ಹೋಲಿಸಲಿ. 28 ಗಂಟೆಯ ಸುತ್ತಾದರೆ ಮೂರು ಗಂಟೆಯಲ್ಲಿ ಒಂಬತ್ತನೇ ಒಂದು ಪಾಲು ಕಳೆದು, ವ್ಯತ್ಯಾಸ ಕಣ್ಣಿಗೇ ಹೊಡೆಯಬೇಕು. ಹೊಡೆದರೆ ನನ್ನ ನೋಟ್‌ಬುಕ್ ಅವರಿಗೇ ಕೊಟ್ಟುಬಿಡುತ್ತೇನೆ.