ಶಾರ್ಕಿಗೆ ಅಂಟಿದ ವಿಶೇಷಣ

ಕನ್ನಡ ಪಾಠ ಹೇಳುವವನಿಗೆ ಮೀನಿನ ಗೊಡವೆ ಏಕೆಂದು ಕೇಳುವವರುಂಟು. ಮಾತಿನ ಗೊಡವೆ ನನ್ನದು ತಾನೆ? ಶಾರ್ಕ್ ಎಂದೊಡನೆ ನಮ್ಮ ಬರಹಗಾರರ ಲೇಖನಿ 'ನರಭಕ್ಷಕ' ಎಂಬ ವಿಶೇಷಣವನ್ನು ತಾನಾಗಿಯೇ ಗೀಚಿಬಿಡುತ್ತದೆ. ಐನೂರಕ್ಕೂ ಮಿಕ್ಕ ಜಾತಿಗಳುಳ್ಳ ಈ ಕುಲದಲ್ಲಿ ಮನುಷ್ಯನನ್ನು ಕಚ್ಚಿದ ಅಪಖ್ಯಾತಿ ಕೆಲವಕ್ಕೆ ಮಾತ್ರ. ಎಲ್ಲಕ್ಕಿಂತ ದೊಡ್ಡದಾದ ತಿಮಿಂಗಿಲ ಶಾರ್ಕಿನ ಊಟವೋ, ನೀರು ಸೋಸಿ ನುಂಗುವ ಸಣ್ಣಪುಟ್ಟ ಜೀವಿಗಳು! ಹೆಸರಿನ ಮೊದಲರ್ಧವನ್ನೇ ಹಿಡಿದು ಅದನ್ನು ತಿಮಿಂಗಿಲವೆಂದು ಅಚ್ಚುಹಾಕಿಸುವ ಮಹನೀಯರೂ ಇದ್ದಾರೆ. ತಿಮಿಂಗಿಲ ಮೊಲೆಯೂಡಿಸುವ ಪ್ರಾಣಿ. ಇದು ಕಿವಿರಿನಿಂದ ಉಸಿರಾಡುವ ಮೀನು, ಮೈಯೊಳಗೆ ಮೂಳೆಯ ಬದಲು ಮೃದ್ವಸ್ಥಿ.

ಹೆಸರು ಕೆಟ್ಟರೆ ಏನು ಮುಳುಗಿತು ಎನ್ನಬೇಡಿ. ಗುಜರಾತಿನ ಕರಾವಳಿಯಲ್ಲಿ ಬೇಟೆಗೆ ಪೀಪಾಯಿ ಕಟ್ಟುತ್ತಿದ್ದುದರಿಂದ ಇದೇ ಮೀನಿಗೆ 'ಬ್ಯಾರಲ್' ಎಂದೇ ಹೆಸರಾಗಿತ್ತು. ದೋಣಿಗೆ ಬಳಿಯುವ ಎಣ್ಣೆಗೂ ಆಮೇಲೆ ಮಾಂಸದ ರಫ್ತಿಗೂ ಕೊಂದರು. 2001ರಲ್ಲಿ ಕಾನೂನು ರಕ್ಷಣೆ ಕೊಟ್ಟಿತು. 2004ರಲ್ಲಿ ಪ್ರವಚನಕಾರ ಮೊರಾರಿ ಬಾಪು, ಬಾಣಂತನಕ್ಕೆ ತವರಿಗೆ ಬರುವ ಮಗಳಿಗೆ ಅದನ್ನು ಹೋಲಿಸಿದರು. 'ವ್ಹಾಲಿ', ಎಂದರೆ ಅಕ್ಕರೆಯವಳು, ಎಂಬ ಹೆಸರು ನಿಂತಿತು. ಬಲೆಗೆ ಬಿದ್ದುದನ್ನು ಬೆಸ್ತರೇ ಬಲೆ ಕೊಯ್ದು ಬಿಡತೊಡಗಿದರು. ನಷ್ಟವನ್ನು ಸರ್ಕಾರ ತುಂಬಿಕೊಟ್ಟಿತು, ನಿಜ. ಆದರೆ 'ಬ್ಯಾರಲ್'ಗಾಗಿ ಯಾರು ಬಲೆ ಕೊಯ್ಯುತ್ತಿದ್ದರು?

ನಿಧಾನವಾಗಿ ಬೆಳೆದು ತಡವಾಗಿ ಸಂತಾನ ಪಡೆಯುವ ಜೀವಿಗಳಿವು. 1970ರಿಂದ 2018ರೊಳಗೆ ತೆರೆದ ಸಾಗರದ ಶಾರ್ಕ್ ಮತ್ತು ತೊರಕೆ ಮೀನುಗಳು ನೂರಕ್ಕೆ 71ರಷ್ಟು ಕುಗ್ಗಿವೆ. ಭಕ್ಷಕರು ಯಾರು, ಮಹಾಶಯರೇ?

ನಮ್ಮ ತುಳುನಾಡಿನ ಬೆಸ್ತರು ಶಾರ್ಕಿಗೆ 'ತಾಟೆ' ಎನ್ನುತ್ತಾರೆ. ಪತ್ರಿಕೆಯವರಿಗೆ ಅದು ರುಚಿಸದಿದ್ದರೆ ಬರಿದೇ ಶಾರ್ಕ್ ಎನ್ನಲಿ. ನಾನಂತೂ ಇನ್ನು ಮುಂದೆ ವಿದ್ಯಾರ್ಥಿಗಳ ಪ್ರಬಂಧದಲ್ಲಿ ಆ ವಿಶೇಷಣ ಕಂಡರೆ ಒಂದು ಅಂಕ ಕಳೆಯುವವನೇ.