ಸೇವೆಗೂ ಬಿಟ್ಟಿಗೂ ನಡುವಿನ ಗೆರೆ

ನಾಗರಿಕರು ಸ್ವಯಂಸೇವೆಗೆ ಮುಂದಾಗಬೇಕೆಂಬ ಕರೆ ಸರ್ಕಾರದ ಕಡೆಯಿಂದ ಮತ್ತೆ ಮತ್ತೆ ಕೇಳಿಬರುತ್ತಿದೆ. 2023ರ ಅಕ್ಟೋಬರ್ 31ರಂದು ಕೇಂದ್ರ ಸರ್ಕಾರ ಚಾಲನೆ ನೀಡಿದ ‘ಮೇರಾ ಯುವ ಭಾರತ್’ 15ರಿಂದ 29 ವರ್ಷದೊಳಗಿನವರನ್ನು ಸೇವಾಕಾರ್ಯಕ್ಕೆ ನೋಂದಾಯಿಸಿಕೊಳ್ಳುತ್ತದೆ. 2022ರಿಂದ 2027ರ ಅವಧಿಗೆ ರೂಪಿಸಲಾದ ನವಭಾರತ ಸಾಕ್ಷರತಾ ಕಾರ್ಯಕ್ರಮ ನಿಂತಿರುವುದೇ ಸಂಭಾವನೆಯಿಲ್ಲದೆ ಪಾಠ ಹೇಳುವ ಸ್ವಯಂಸೇವಕರ ಮೇಲೆ. ಇವುಗಳ ಉದ್ದೇಶವನ್ನು ಯಾರೂ ಆಕ್ಷೇಪಿಸಲಾರರು. ಆದರೆ ಆಡಳಿತದ ಒಳಗಿದ್ದು ಇಂಥ ಹಲವು ಕರೆಗಳ ಸುತ್ತೋಲೆಗಳನ್ನು ಕಂಡಿರುವ ನನ್ನನ್ನು ಒಂದು ಪ್ರಶ್ನೆ ಕಾಡುತ್ತದೆ. ಸರ್ಕಾರ ಜನರಿಂದ ಕೇಳುತ್ತಿರುವುದು ಅವರ ಕೈಗಳನ್ನು ಮಾತ್ರವೋ, ಅವರ ವಿವೇಕವನ್ನೂ ಹೌದೋ?

ಈ ಪ್ರಶ್ನೆಗೆ ಎಪ್ಪತ್ತು ವರ್ಷಗಳ ಇತಿಹಾಸವಿದೆ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಆರಂಭವಾದಾಗ ಶ್ರಮದಾನ ಅದರ ಜೀವಾಳವೆನಿಸಿತ್ತು. ರಸ್ತೆಗೆ ಮಣ್ಣು ಹೊತ್ತವರು, ಶಾಲೆಗೆ ಕಲ್ಲು ಹೊತ್ತವರು ಸಾವಿರಾರು ಮಂದಿ. ಐದು ವರ್ಷಗಳ ತರುವಾಯ, 1957ರಲ್ಲಿ, ಕಾರ್ಯಕ್ರಮವನ್ನು ಪರಿಶೀಲಿಸಿದ ಬಲವಂತರಾಯ್ ಮೆಹ್ತಾ ಸಮಿತಿ ಜನರ ಸ್ವಯಂಪ್ರೇರಣೆಯನ್ನು ಹೊಮ್ಮಿಸುವ ವಿಷಯದಲ್ಲಿ ಅದು ಸೋತಿದೆ ಎಂದೇ ಹೇಳಿತು. ಸಮಿತಿ ಸೂಚಿಸಿದ ಮದ್ದು ಗಮನಾರ್ಹ. ಇನ್ನಷ್ಟು ಪ್ರಚಾರ ಮಾಡಿ ಎಂದು ಅದು ಹೇಳಲಿಲ್ಲ. ಚುನಾಯಿತ ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರವನ್ನೂ ಹಣವನ್ನೂ ಕೊಡಿ ಎಂದಿತು. ನಮ್ಮ ಮೂರು ಹಂತಗಳ ಪಂಚಾಯತ್ ವ್ಯವಸ್ಥೆಯ ಬೀಜ ಬಿದ್ದದ್ದು ಶ್ರಮದಾನದ ಆ ಸೋಲಿನಲ್ಲಿ ಎಂಬುದನ್ನು ನಾವು ಮರೆತಂತಿದೆ.

ಈ ಮಾತನ್ನು ಒಂದು ಸೀಮೆಯ ಉದಾಹರಣೆಯಿಂದ ವಿವರಿಸುವುದು ಮೇಲು. ತೀರ್ಥಹಳ್ಳಿಯಿಂದ ಕುಂದಾಪುರದತ್ತ ಹೋಗುವ ಹಾದಿಯಲ್ಲಿ, ಹುಲಿಕಲ್ ಘಾಟಿ ಇಳಿಯುವ ಮೊದಲು ಸಿಗುವ ಊರು ಮಾಸ್ತಿಕಟ್ಟೆ. ಹೊಸನಗರ ತಾಲ್ಲೂಕಿನ ಈ ಊರು ಹೊರಗಿನವರಿಗೆ ಪರಿಚಿತವಾಗಿರುವುದು ವರಾಹಿ ಜಲವಿದ್ಯುತ್ ಯೋಜನೆಯ ವಸತಿ ಕಾಲೊನಿಯಿಂದ ಮತ್ತು ಮಳೆಯಿಂದ. ವರ್ಷದ ಮಳೆ ಐದು ಸಾವಿರ ಮಿಲಿಮೀಟರ್ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಮನೆಗಳು ಒತ್ತಾಗಿಲ್ಲದ, ಹಳ್ಳಕೊಳ್ಳಗಳೇ ಊರನ್ನು ತುಂಡರಿಸುವ ಇಂಥ ಸೀಮೆಯಲ್ಲಿ ನೆರೆಯವರ ನೆರವಿಲ್ಲದೆ ಬದುಕು ಸಾಗದು. ಮಳೆಗಾಲಕ್ಕೆ ಮುಂಚೆ ಅಡಿಕೆ ಮರದ ಕಾಂಡಗಳನ್ನೂ ಬಿದಿರನ್ನೂ ಜೋಡಿಸಿ ಹಳ್ಳಕ್ಕೆ ಕಾಲುಸಂಕ ಕಟ್ಟುವುದು, ಗದ್ದೆಯ ನಟ್ಟಿಗೆ ಒಬ್ಬರ ಮನೆಗೆ ಮತ್ತೊಬ್ಬರು ಮುಯ್ಯಾಳಾಗಿ ಹೋಗುವುದು, ರಾತ್ರಿ ಕುಳಿತು ಅಡಿಕೆ ಸುಲಿಯುವುದು, ರೋಗಿಯನ್ನು ಕಂಬಳಿ ಜೋಲಿಯಲ್ಲಿ ಹೊತ್ತು ರಸ್ತೆ ಮುಟ್ಟಿಸುವುದು ಮಲೆನಾಡಿನಲ್ಲಿ ಯಾವ ಸುತ್ತೋಲೆಯನ್ನೂ ಕಾಯದೆ ನಡೆದುಬಂದ ಕೆಲಸಗಳು. ಸೇವಾಮನೋಭಾವವನ್ನು ಜನರಲ್ಲಿ ಹೊಸದಾಗಿ ಬಿತ್ತಬೇಕಾಗಿದೆ ಎಂಬ ಕಲ್ಪನೆಯೇ ಇಲ್ಲಿ ವಿಚಿತ್ರವಾಗಿ ಕಾಣುತ್ತದೆ.

ಆದರೆ ಇದೇ ಮಲೆನಾಡಿಗೆ ಇನ್ನೊಂದು ಬಗೆಯ ಸಂಬಳವಿಲ್ಲದ ದುಡಿಮೆಯ ನೆನಪೂ ಇದೆ. ಅದರ ಹೆಸರು ಬಿಟ್ಟಿ. ಒಡೆಯ ಹೇಳಿದಾಗ, ಅವನು ಹೇಳಿದಷ್ಟು ಮಾಡಿಕೊಡಬೇಕಾದ ಕೆಲಸ ಅದು. ಸಾಗರ ತಾಲ್ಲೂಕಿನಲ್ಲಿ 1951ರಲ್ಲಿ ನಡೆದ ಕಾಗೋಡು ಸತ್ಯಾಗ್ರಹ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಪ್ರಶ್ನೆಯಾಗಿದ್ದಂತೆ ಗೇಣಿದಾರನ ಮಾನದ ಪ್ರಶ್ನೆಯೂ ಆಗಿತ್ತು. ಎಚ್. ಗಣಪತಿಯಪ್ಪನವರು ಸಂಘಟಿಸಿದ, ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದ ಆ ಹೋರಾಟವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಮುಯ್ಯಾಳಿನ ಬೆವರೂ ಬಿಟ್ಟಿಯ ಬೆವರೂ ಒಂದೇ, ಎರಡಕ್ಕೂ ಕೂಲಿಯಿಲ್ಲ. ವ್ಯತ್ಯಾಸವಿರುವುದು ಇಷ್ಟರಲ್ಲಿ: ಮುಯ್ಯಾಳು ಬರುವವನು ನಾಳೆ ತನ್ನ ಗದ್ದೆಗೂ ಆಳು ಬರುತ್ತದೆಂಬ ಭರವಸೆಯಿಂದ ಬರುತ್ತಾನೆ, ಯಾವ ದಿನ ಯಾರ ಗದ್ದೆ ಎಂಬುದನ್ನು ತಾನೂ ಕೂಡಿ ತೀರ್ಮಾನಿಸಿರುತ್ತಾನೆ. ಬಿಟ್ಟಿಯವನಿಗೆ ಈ ಎರಡೂ ಇಲ್ಲ. ಸರ್ಕಾರದ ಸ್ವಯಂಸೇವಾ ಯೋಜನೆಗಳನ್ನು ಅಳೆಯಬೇಕಾದ ಕೊಳಗವೂ ಇದೇ ಎಂಬುದು ನನ್ನ ಅಭಿಪ್ರಾಯ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾವು ಓದಿದ ಪಾಠದಲ್ಲಿ ಸಾಮೂಹಿಕ ಆಸ್ತಿಯೆಂದರೆ ಹಾಳಾಗಲೆಂದೇ ಹುಟ್ಟಿದ ಆಸ್ತಿ. ಎಲ್ಲರದೂ ಆದದ್ದು ಯಾರದೂ ಅಲ್ಲ ಎಂಬ ಈ ನಂಬಿಕೆಯನ್ನು ಎಲಿನರ್ ಆಸ್ಟ್ರಮ್ ಪ್ರಶ್ನಿಸಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಪಡೆದರು. ಕಾಡು, ನೀರು, ಹುಲ್ಲುಗಾವಲುಗಳನ್ನು ಜನ ತಲೆಮಾರುಗಳ ಕಾಲ ಕೂಡಿ ಕಾಯ್ದ ನಿದರ್ಶನಗಳನ್ನು ಅವರು ಜಗತ್ತಿನ ನಾನಾ ಕಡೆಗಳಿಂದ ಕಲೆಹಾಕಿದರು. ಅವುಗಳಲ್ಲಿ ಅವರು ಕಂಡ ಸಮಾನ ಲಕ್ಷಣವೆಂದರೆ, ನಿಯಮಗಳನ್ನು ರೂಪಿಸುವುದರಲ್ಲಿ ಬಳಕೆದಾರರಿಗೆ ಪಾಲಿರುತ್ತದೆ ಮತ್ತು ಆ ಹಕ್ಕನ್ನು ಸರ್ಕಾರ ಮನ್ನಿಸುತ್ತದೆ.

ಇದಕ್ಕೆ ದೂರದೇಶದ ಸಾಕ್ಷಿ ಬೇಕಿಲ್ಲ. ನೆರೆಯ ಉತ್ತರ ಕನ್ನಡದ ಕುಮಟಾ ತಾಲ್ಲೂಕಿನ ಹಳಕಾರದಲ್ಲಿ ಬ್ರಿಟಿಷರ ಕಾಲದಲ್ಲಿ ಸ್ಥಾಪನೆಯಾದ ಗ್ರಾಮ ಅರಣ್ಯ ಪಂಚಾಯತ್ ಊರಿನ ಕಾಡನ್ನು ಊರಿನವರ ಕೈಯಿಂದಲೇ ಕಾಯಿಸಿತು. 1979ರಲ್ಲಿ ಇಂಥ ಪಂಚಾಯತ್‌ಗಳನ್ನು ಸರ್ಕಾರ ರದ್ದುಮಾಡಲು ಹೊರಟಾಗ ಹಳಕಾರದವರು ನ್ಯಾಯಾಲಯದ ಮೆಟ್ಟಿಲೇರಿ ಅದನ್ನು ಉಳಿಸಿಕೊಂಡರು. ವೇತನವಿಲ್ಲದ ಕಾವಲಿನ ಹೊಣೆಯನ್ನು ತಮ್ಮಿಂದ ಕಸಿಯಬೇಡಿ ಎಂದು ಜನರೇ ವ್ಯಾಜ್ಯ ಹೂಡಿದ ಪ್ರಸಂಗವಿದು. 1993ರಲ್ಲಿ ನಮ್ಮ ಸರ್ಕಾರ ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಯ ಆದೇಶ ಹೊರಡಿಸಿ ಊರೂರಿಗೆ ಗ್ರಾಮ ಅರಣ್ಯ ಸಮಿತಿಗಳನ್ನು ರಚಿಸಿದಾಗ ಅವುಗಳ ಕಾರ್ಯದರ್ಶಿ ಸ್ಥಾನ ಅರಣ್ಯ ಇಲಾಖೆಯ ಸಿಬ್ಬಂದಿಗೇ ಹೋಯಿತು. ಹಲವು ಕಡೆ ಸಮಿತಿಗಳು ಅನುದಾನ ಇರುವವರೆಗೆ ಸಭೆ ಸೇರಿದವು, ಅನುದಾನ ನಿಂತಾಗ ಕಡತದಲ್ಲಿ ಉಳಿದವು. ಜನ ಎರಡೂ ಕಡೆ ಒಂದೇ, ಬೇರೆಯಾಗಿದ್ದದ್ದು ಯಜಮಾನಿಕೆ.

ಸಾಗರ ತಾಲ್ಲೂಕಿನದೇ ಆದ ಹೆಗ್ಗೋಡಿನ ನೀನಾಸಂ ಕೂಡ ಇದನ್ನೇ ಹೇಳುತ್ತದೆ. 1949ರಲ್ಲಿ ಹಳ್ಳಿಯ ಯುವಕರು ಬಿಡುವಿನ ವೇಳೆಯಲ್ಲಿ ಕಟ್ಟಿಕೊಂಡ ಹವ್ಯಾಸಿ ನಾಟಕ ಸಂಘ ಅದು. ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬರುವ ಹೊತ್ತಿಗೆ ಅದಕ್ಕೆ ರಂಗಶಿಕ್ಷಣ ಕೇಂದ್ರವೂ ತಿರುಗಾಟದ ತಂಡವೂ ಇದ್ದವು. ಸರ್ಕಾರದ ನೆರವು ಅದಕ್ಕೆ ದೊರೆತಿದೆ, ದೊರೆಯಬೇಕಾದದ್ದೇ. ಆದರೆ ಯಾವ ನಾಟಕ ಆಡಬೇಕೆಂಬುದನ್ನು ಹೆಗ್ಗೋಡು ತಾನೇ ತೀರ್ಮಾನಿಸಿತು.

ಸ್ವಯಂಸೇವೆಯ ಹೆಸರಿನಲ್ಲಿ ಈ ಗೆರೆ ಅಳಿಸಿಹೋಗುವುದು ಎಲ್ಲಿ ಎಂಬುದನ್ನು ನೋಡಬೇಕಾದರೆ ಆಶಾ ಕಾರ್ಯಕರ್ತೆಯರತ್ತ ತಿರುಗಬೇಕು. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಇವರನ್ನು ಸ್ವಯಂಸೇವಕಿಯರೆಂದೇ ಪರಿಗಣಿಸಿತು. ಆದುದರಿಂದ ಅವರು ಪಡೆಯುವುದು ವೇತನವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಜೀವಗಳನ್ನು ಬಲಿ ಪಡೆದಾಗ, ಕಾಡಿನ ಅಂಚಿನ ಮನೆಮನೆಗೂ ನಡೆದುಹೋಗಿ ಜ್ವರದ ಲೆಕ್ಕ ಬರೆದವರಲ್ಲಿ, ಉಣುಗು ಕಚ್ಚದಂತೆ ಹಚ್ಚಿಕೊಳ್ಳುವ ತೈಲ ಹಂಚಿದವರಲ್ಲಿ ಇವರೂ ಇದ್ದರು. ಕೋವಿಡ್ ಕಾಲದಲ್ಲಿ ಇವರ ಮೇಲೆ ಹೂ ಚೆಲ್ಲಿದೆವು. 2025ರ ಜನವರಿಯಲ್ಲಿ ಇವರೇ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕುಳಿತು ನಿಶ್ಚಿತ ಗೌರವಧನ ಕೇಳಬೇಕಾಯಿತು. ದಿನನಿತ್ಯದ, ಗುರಿ ನಿಗದಿಯಾದ, ವರದಿ ಒಪ್ಪಿಸಲೇಬೇಕಾದ ಕೆಲಸ ಉದ್ಯೋಗವೇ ಹೊರತು ಸ್ವಯಂಸೇವೆಯಲ್ಲ. ಅದನ್ನು ಸೇವೆಯೆಂದು ಕರೆಯುವುದು ಆಯವ್ಯಯಕ್ಕೆ ಅನುಕೂಲವಾಗಬಹುದು, ನ್ಯಾಯವಾಗದು.

ಮಂಗನ ಕಾಯಿಲೆಯ ವಿಷಯದಲ್ಲೇ ನಿಜವಾದ ಸ್ವಯಂಸೇವೆಗೂ ಒಂದು ನಿದರ್ಶನವಿದೆ. ಕಾಡಿನಲ್ಲಿ ಮಂಗ ಸತ್ತುಬಿದ್ದಿದ್ದರೆ ತಕ್ಷಣ ತಿಳಿಸಿ ಎಂದು ಆರೋಗ್ಯ ಇಲಾಖೆ ಜನರನ್ನು ಕೋರುತ್ತದೆ. ಸೊಪ್ಪಿಗೆ ಹೋದವನು, ದನ ಹುಡುಕಲು ಹೋದವನು ಕೊಡುವ ಈ ಒಂದು ಸುದ್ದಿಗೆ ಯಾವ ಪ್ರಯೋಗಾಲಯವೂ ಸಾಟಿಯಲ್ಲ. ಆದರೆ ಸುದ್ದಿ ಕೊಟ್ಟ ದಿನ ಸಿಬ್ಬಂದಿ ಬಂದರೆ ಮಾತ್ರ ಆತ ಮುಂದಿನ ಬಾರಿಯೂ ಸುದ್ದಿ ಕೊಡುತ್ತಾನೆ. ಮೂರು ದಿನವಾದರೂ ಯಾರೂ ಬಾರದಿದ್ದರೆ ನಾಲ್ಕನೆಯ ಮಂಗದ ಸಾವು ಯಾರ ದಾಖಲೆಯನ್ನೂ ಸೇರುವುದಿಲ್ಲ. ಜನರ ಸೇವಾಮನೋಭಾವ ಬತ್ತುವುದು ಉಪದೇಶದ ಕೊರತೆಯಿಂದಲ್ಲ, ಉತ್ತರದ ಕೊರತೆಯಿಂದ.

ಈ ಸೀಮೆಯ ಮಟ್ಟಿಗೆ ಉತ್ತರ ಬಹಳ ತಡವಾಗಿ ಬರುತ್ತದೆ ಎನ್ನದೆ ವಿಧಿಯಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ನಾಡಿಗೆ ಬೆಳಕು ಬಂತು. ಶರಾವತಿ ಹಿನ್ನೀರಿನ ಆಚೆ ಉಳಿದ ಊರುಗಳಿಗೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ದೊರೆತದ್ದು 2025ರ ಜುಲೈ ತಿಂಗಳಲ್ಲಿ. ಮುಳುಗಡೆಯಿಂದ ಎದ್ದುಬಂದ ಕುಟುಂಬಗಳ ಭೂಮಿಯ ಹಕ್ಕಿನ ಪ್ರಶ್ನೆಯನ್ನು ಅವರ ಮೊಮ್ಮಕ್ಕಳೂ ಹೊತ್ತು ತಿರುಗಬೇಕಾಯಿತು. ನಾಡಿಗಾಗಿ ಮನೆ, ತೋಟ, ಗದ್ದೆ ಬಿಟ್ಟುಕೊಟ್ಟವರಿಗೆ ನಾಡಸೇವೆಯ ಪ್ರತಿಜ್ಞೆ ಬೋಧಿಸುವ ಮೊದಲು ನಾವು ಒಂದು ಕ್ಷಣ ಯೋಚಿಸಬೇಕು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಸರ್ಕಾರದ ಸಂಪನ್ಮೂಲಕ್ಕೆ ಮಿತಿಯಿದೆ. ಎಲ್ಲವನ್ನೂ ಸರ್ಕಾರವೇ ಮಾಡಲೆಂದು ಕಾಯುವ ಪ್ರವೃತ್ತಿ, ವಿಶೇಷವಾಗಿ ನಗರಗಳ ನಮ್ಮಂಥ ಅನುಕೂಲಸ್ಥರಲ್ಲಿ, ಬೆಳೆದಿದೆ. ಆದುದರಿಂದ ಪ್ರೇರಣೆ ಬೇಕು ಎಂಬುದು ಆ ವಾದ. ಇದರಲ್ಲಿ ಸತ್ಯಾಂಶವಿದೆ. ರಾಷ್ಟ್ರೀಯ ಸೇವಾ ಯೋಜನೆಯನ್ನೇ ನೋಡಿ. 1969ರಲ್ಲಿ 37 ವಿಶ್ವವಿದ್ಯಾಲಯಗಳ 40 ಸಾವಿರ ವಿದ್ಯಾರ್ಥಿಗಳಿಂದ ಆರಂಭವಾದ ಅದು ಪೇಟೆಯ ಎಷ್ಟೋ ಹುಡುಗ ಹುಡುಗಿಯರಿಗೆ ಹಳ್ಳಿಯ ಒಂದು ವಾರದ ಬಾಳನ್ನು ತೋರಿಸಿದೆ. ಅದನ್ನು ಹಗುರವಾಗಿ ಕಾಣುವಂತಿಲ್ಲ. ಸೇವೆಗೆ ಬೆಲೆ ಕಟ್ಟಿದರೆ ಸೇವೆಯೇ ಕುಂದುತ್ತದೆ ಎಂದು ರಿಚರ್ಡ್ ಟಿಟ್ಮಸ್ 1970ರಲ್ಲಿ ರಕ್ತದಾನವನ್ನು ಆಧಾರವಾಗಿಟ್ಟುಕೊಂಡು ಮಂಡಿಸಿದ ವಾದಕ್ಕೂ ತೂಕವಿದೆ. ಹಾಗಾಗಿ ಎಲ್ಲ ಸೇವೆಗೂ ಕೂಲಿ ಕೊಡಿ ಎಂದು ನಾನು ಹೇಳುತ್ತಿಲ್ಲ. ಸೇವೆ ಮಾಡುವವನಿಗೆ ಹಣಕ್ಕಿಂತ ಮೊದಲು ಸಲ್ಲಬೇಕಾದದ್ದು ಮಾತಿನ ಹಕ್ಕು ಎನ್ನುತ್ತಿದ್ದೇನೆ.

ಆ ಹಕ್ಕನ್ನು ನಾವು ಹೇಗೆ ನಡೆಸಿಕೊಂಡಿದ್ದೇವೆ? ಅಬ್ದುಲ್ ನಜೀರ್ ಸಾಬ್ ಅವರ ಶ್ರದ್ಧೆಯ ಫಲವಾಗಿ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತ್‌ಗಳನ್ನು ಕಂಡ ರಾಜ್ಯ ನಮ್ಮದು. ಅದೇ ರಾಜ್ಯದಲ್ಲಿ 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತ್‌ಗಳು ವರ್ಷಗಟ್ಟಲೆ ಚುನಾವಣೆಯಿಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲಿ ಉಳಿದವು. ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಮಂಡಳಿಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ನಂತರ ಐದು ವರ್ಷ ಕಳೆದರೂ ನಗರಕ್ಕೆ ಚುನಾವಣೆ ಬರಲಿಲ್ಲ. ಒಂದು ಕೈಯಲ್ಲಿ ಮತಪೆಟ್ಟಿಗೆಯನ್ನು ಹಿಂದಕ್ಕೆಳೆದುಕೊಂಡು ಇನ್ನೊಂದು ಕೈಯಲ್ಲಿ ಪೊರಕೆ ನೀಡಿದರೆ ನಾಗರಿಕ ಅದನ್ನು ಹೇಗೆ ಸ್ವೀಕರಿಸಬೇಕು?

ಆಗಬೇಕಾದ ಕೆಲಸಗಳು ಅಸಾಧ್ಯವಾದವೇನಲ್ಲ. ಮೊದಲನೆಯದಾಗಿ, ಊರಿಗೆ ಯಾವ ಸೇವೆ ಬೇಕು ಎಂಬುದು ಗ್ರಾಮಸಭೆಯಲ್ಲಿ, ನಗರದಲ್ಲಾದರೆ ವಾರ್ಡ್ ಸಮಿತಿಯಲ್ಲಿ ತೀರ್ಮಾನವಾಗಲಿ. ರಾಜಧಾನಿಯಿಂದ ದಿನಾಂಕವೂ ಘೋಷಣೆಯೂ ಇಳಿದುಬರುವುದು ನಿಲ್ಲಲಿ. ಎರಡನೆಯದಾಗಿ, ಸ್ವಯಂಸೇವಕರನ್ನು ಖಾಲಿ ಹುದ್ದೆಗಳಿಗೆ ಬದಲಿಯಾಗಿ ಬಳಸಬಾರದೆಂಬ ನಿಯಮವಿರಲಿ. ನಿತ್ಯದ ಕೆಲಸಕ್ಕೆ ನಿತ್ಯದ ವೇತನ ಸಲ್ಲಲಿ. ಮೂರನೆಯದಾಗಿ, ಅಪಾಯಕ್ಕೆ ಮೈಯೊಡ್ಡುವವರಿಗೆ ತರಬೇತಿ, ಸಲಕರಣೆ, ವಿಮೆ ಇರಲಿ. ಇದಕ್ಕೆ ಮಾದರಿ ಸರ್ಕಾರದ ಬಳಿಯೇ ಇದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2016ರಲ್ಲಿ 30 ಜಿಲ್ಲೆಗಳಲ್ಲಿ ಆರಂಭಿಸಿ ಮುಂದೆ 350 ಜಿಲ್ಲೆಗಳಿಗೆ ವಿಸ್ತರಿಸಿದ ‘ಆಪದ ಮಿತ್ರ’ ಯೋಜನೆ ಈ ಮೂರನ್ನೂ ಒದಗಿಸಿತು. ಗುಡ್ಡ ಕುಸಿದು ಘಾಟಿ ರಸ್ತೆ ಕಟ್ಟಿಕೊಳ್ಳುವ ಮಾಸ್ತಿಕಟ್ಟೆಯಂಥ ಸೀಮೆಗಳಲ್ಲಿ ಮೊದಲು ಧಾವಿಸುವವರು ಯಾವಾಗಲೂ ಊರಿನವರೇ. ಅವರು ಬರಿಗೈಯಲ್ಲಿ ಧಾವಿಸುವಂತಾಗಬಾರದು. ಕೊನೆಯದಾಗಿ, ನಾಗರಿಕ ನೀಡಿದ ಮಾಹಿತಿಗೆ, ದೂರಿಗೆ, ಸಲಹೆಗೆ ಇಂತಿಷ್ಟು ದಿನಗಳಲ್ಲಿ ಉತ್ತರಿಸುವುದು ಅಧಿಕಾರಿಯ ಕರ್ತವ್ಯವಾಗಲಿ.

ಈ ನಾಲ್ಕರಲ್ಲಿ ಮೂರಕ್ಕೆ ದೊಡ್ಡ ಹಣ ಬೇಕಿಲ್ಲ. ಅಧಿಕಾರವನ್ನು ಹಂಚಿಕೊಳ್ಳುವ ಮನಸ್ಸು ಬೇಕು, ಕಷ್ಟವಿರುವುದೂ ಅಲ್ಲಿಯೇ. ಹಳ್ಳಕ್ಕೆ ಸಂಕ ಹಾಕುವುದನ್ನು ಮಲೆನಾಡಿನ ಜನರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಸಂಕ ಎಲ್ಲಿ ಹಾಕಬೇಕೆಂದು ಅವರನ್ನು ಕೇಳುವುದನ್ನು ಸರ್ಕಾರ ಕಲಿತರೆ ಸಾಕು.