ಆರು ತಂತಿ, ಒಂದೇ ಬೆರಳು

ಗಿಟಾರ್ ಕಲಿಯಲು ಹೊರಟ ಮಕ್ಕಳು ಮೊದಲ ಎರಡು ಮೂರು ತಿಂಗಳು ಉತ್ಸಾಹದಿಂದಲೇ ಇರುತ್ತಾರೆ. ಸಿ, ಜಿ, ಡಿ, ಇ ಎಂಬ ಕಾರ್ಡ್‌ಗಳು ಒಂದೊಂದಾಗಿ ಕೈಗೆ ಬರುತ್ತವೆ. ಒಂದೆರಡು ಸಿನಿಮಾ ಹಾಡುಗಳಿಗೆ ಜೊತೆಯಾಗಿ ನುಡಿಸುವ ಧೈರ್ಯವೂ ಬರುತ್ತದೆ. ಅಷ್ಟರಲ್ಲಿ ‘ಎಫ್’ ಎದುರಾಗುತ್ತದೆ. ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡಲಾಗಿ ಮಲಗಿಸಬೇಕು. ಉಳಿದ ಮೂರು ಬೆರಳುಗಳು ತಮ್ಮ ತಮ್ಮ ಜಾಗದಲ್ಲಿ ಕೂರಬೇಕು. ಇದೇ ಬಾರ್ ಕಾರ್ಡ್. ಮೀಟಿದರೆ ನಾದದ ಬದಲು ‘ಟಕ್ ಟಕ್’ ಎಂಬ ಸತ್ತ ಸದ್ದು! ಎಷ್ಟೋ ಗಿಟಾರ್‌ಗಳು ಅಟ್ಟ ಸೇರುವುದು ಈ ಹಂತದಲ್ಲೇ. ‘ನಿನಗೆ ಇದು ಹತ್ತುವುದಿಲ್ಲ, ಸುಮ್ಮನೆ ಓದಿಕೋ’ ಎಂಬ ತೀರ್ಪೂ ಮನೆಯಲ್ಲಿ ಹೊರಬೀಳುತ್ತದೆ.

ಈ ತೀರ್ಪು ಕೊಡುವ ಮುನ್ನ ಕೊಂಚ ಯೋಚಿಸಬೇಕು. ಎಫ್ ನುಡಿಯದಿರಲು ಮಗುವಿನ ಪ್ರತಿಭೆಯ ಕೊರತೆ ಕಾರಣವಾಗುವುದು ಅಪರೂಪ. ತಂತಿಯ ಎತ್ತರ, ಮೊಣಕೈಯ ಕೋನ, ಬೆರಳು ಒತ್ತುವ ಜಾಗ - ಕಾರಣ ಸಾಮಾನ್ಯವಾಗಿ ಇವುಗಳಲ್ಲಿ ಒಂದು. ಮೂರೂ ಪ್ರೌಢಶಾಲೆಯ ಭೌತವಿಜ್ಞಾನಕ್ಕೆ ನಿಲುಕುವ ಸಂಗತಿಗಳೇ.

ಮೆಟ್ಟಿಲುಗಳ ಲೆಕ್ಕ

ವೀಣೆಯ ದಂಡಿಯ ಮೇಲೆ ಮೇಣದಲ್ಲಿ ಕೂರಿಸಿದ 24 ಮೆಟ್ಟಿಲುಗಳಿರುವಂತೆ ಗಿಟಾರಿನ ದಂಡಿಯ ಮೇಲೂ ಲೋಹದ ಮೆಟ್ಟಿಲುಗಳಿವೆ. ಇವುಗಳಿಗೆ ಫ್ರೆಟ್ ಎಂದು ಹೆಸರು. ಒಂದು ಮೆಟ್ಟಿಲು ಮುಂದೆ ಹೋದರೆ ತಂತಿಯ ಕಂಪನಾಂಕ 1.0595 ಪಟ್ಟು ಹೆಚ್ಚುತ್ತದೆ. ಹೀಗೆ ಹನ್ನೆರಡು ಬಾರಿ ಗುಣಿಸಿದರೆ ಸರಿಯಾಗಿ ಎರಡು ಪಟ್ಟು, ಅಂದರೆ ಮೇಲಿನ ಷಡ್ಜ. ಹಿಂದೆ ಇದೇ ಲೆಕ್ಕಕ್ಕೆ 18:17 ಎಂಬ ಸುಲಭ ಅನುಪಾತ ಬಳಕೆಯಲ್ಲಿತ್ತು. 16ನೇ ಶತಮಾನದಲ್ಲಿ ಅದನ್ನು ಲ್ಯೂಟ್ ವಾದ್ಯದ ಮೆಟ್ಟಿಲುಗಳಿಗೆ ಸೂಚಿಸಿದಾತ ವಿನ್ಸೆಂಜೊ ಗೆಲಿಲಿ, ಖ್ಯಾತ ವಿಜ್ಞಾನಿ ಗೆಲಿಲಿಯೊನ ತಂದೆ!

ಬಾರ್ ಕಾರ್ಡ್‌ನ ಸೊಗಸು ಇರುವುದು ಇಲ್ಲಿಯೇ. ‘ಇ’ ಕಾರ್ಡ್‌ನ ಆಕಾರವನ್ನು ಹಾಗೆಯೇ ಇಟ್ಟುಕೊಂಡು, ಹಿಂದೆ ತೋರುಬೆರಳನ್ನು ಅಡ್ಡಗಟ್ಟಿ ಒಂದು ಮೆಟ್ಟಿಲು ಮುಂದೆ ಸರಿಸಿದರೆ ಅದು ‘ಎಫ್’. ಮೂರನೆಯ ಮೆಟ್ಟಿಲಲ್ಲಿ ಅದೇ ‘ಜಿ’, ಐದನೆಯದರಲ್ಲಿ ‘ಎ’. ಗಾಯಕರ ಕಂಠಕ್ಕೆ ಹೊಂದುವಂತೆ ಶ್ರುತಿಯ ಮನೆ ಬದಲಿಸಿದ ಹಾಗೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮೇಜರ್ ಕಾರ್ಡ್ ಎಂದರೆ ಷಡ್ಜ, ಅಂತರ ಗಾಂಧಾರ, ಪಂಚಮಗಳು ಒಟ್ಟಿಗೆ ನುಡಿಯುವುದು. ನಡುಬೆರಳನ್ನು ಎತ್ತಿಬಿಟ್ಟರೆ ಅಂತರ ಗಾಂಧಾರ ಸಾಧಾರಣ ಗಾಂಧಾರವಾಗಿ ಅದು ಮೈನರ್ ಕಾರ್ಡ್ ಆಗುತ್ತದೆ. ಒಂದೇ ಆಕಾರ ಕಲಿತರೆ 12 ಮೇಜರ್, 12 ಮೈನರ್, ಒಟ್ಟು 24 ಕಾರ್ಡ್‌ಗಳು ಕೈವಶ. ಇಷ್ಟು ದೊಡ್ಡ ಲಾಭಕ್ಕೆ ಸ್ವಲ್ಪ ಕಷ್ಟ ಇದ್ದೇ ಇರುತ್ತದೆ.

ಒತ್ತಡ ಏಕೆ ಸಾಲದು?

ಡ್ರಾಯಿಂಗ್ ಪಿನ್ನಿನ ಉದಾಹರಣೆ ಎಲ್ಲ ವಿದ್ಯಾರ್ಥಿಗಳಿಗೂ ಗೊತ್ತು. ಬಲ ಅಷ್ಟೇ ಇದ್ದರೂ ವಿಸ್ತೀರ್ಣ ಕಿರಿದಾದಾಗ ಒತ್ತಡ ಹೆಚ್ಚು. ಬೆರಳ ತುದಿಯಿಂದ ಒಂದು ತಂತಿ ಒತ್ತುವಾಗ ಪೂರ್ತಿ ಬಲ ಆ ಒಂದೇ ಬಿಂದುವಿಗೆ ಸಿಗುತ್ತದೆ. ಬೆರಳನ್ನು ಮಲಗಿಸಿದಾಗ ಅದೇ ಬಲ ಇಡೀ ಬೆರಳ ಉದ್ದಕ್ಕೆ ಹಂಚಿಹೋಗುತ್ತದೆ. ಸಾಲದ್ದಕ್ಕೆ ಬೆರಳು ಸಪಾಟಾದ ಪಟ್ಟಿಯಲ್ಲ. ಗಂಟಿನ ಬಳಿ ಗೆರೆಗಳ ತಗ್ಗು, ನಡುವೆ ಮೆತ್ತನೆಯ ಮಾಂಸ. ತಗ್ಗಿನೊಳಗೆ ಸಿಕ್ಕಿದ ತಂತಿ ನುಡಿಯುವುದಿಲ್ಲ.

ಆದರೆ ಒಂದು ಸಮಾಧಾನವಿದೆ. ಎಫ್ ಕಾರ್ಡ್‌ನಲ್ಲಿ ಮೂರು, ನಾಲ್ಕು, ಐದನೆಯ ತಂತಿಗಳನ್ನು ಬೇರೆ ಬೆರಳುಗಳು ಮುಂದಿನ ಮೆಟ್ಟಿಲುಗಳಲ್ಲಿ ಒತ್ತಿರುತ್ತವೆ. ಅಲ್ಲಿ ತೋರುಬೆರಳ ಒತ್ತಡ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅದು ನಿಜವಾಗಿ ಒತ್ತಬೇಕಾದದ್ದು ತೆಳುವಾದ ಒಂದು ಮತ್ತು ಎರಡನೆಯ ತಂತಿ ಹಾಗೂ ದಪ್ಪನೆಯ ಆರನೆಯ ತಂತಿ, ಮೂರೇ! ಇದು ತಿಳಿಯದ ಮಕ್ಕಳು ಆರೂ ತಂತಿಗಳನ್ನು ಸಮನಾಗಿ ಅದುಮಲು ಹೋಗಿ ಕೈ ಸೋಲಿಸಿಕೊಳ್ಳುತ್ತಾರೆ.

ಬೆರಳನ್ನು ಹೆಬ್ಬೆರಳ ಕಡೆಯ ಪಕ್ಕಕ್ಕೆ ತುಸು ಹೊರಳಿಸುವುದು ಎರಡನೆಯ ಉಪಾಯ. ಆ ಪಕ್ಕದಲ್ಲಿ ಮಾಂಸ ಕಡಿಮೆ, ಮೂಳೆಯ ಗಟ್ಟಿತನ ಹೆಚ್ಚು. ಗೆರೆಯ ತಗ್ಗಿಗೆ ತಂತಿ ಸಿಕ್ಕಿದ್ದರೆ ಬೆರಳನ್ನು ಅರ್ಧ ಸೆಂಟಿಮೀಟರಿನಷ್ಟು ಮೇಲೆ ಅಥವಾ ಕೆಳಗೆ ಸರಿಸಿದರೂ ಸಾಕು. ಮೂರನೆಯದು, ಬೆರಳು ಮೆಟ್ಟಿಲಿಗೆ ತಾಗಿದಂತೆಯೇ ಇರಬೇಕು. ದೂರದಲ್ಲಿ ಒತ್ತಿದರೆ ತಂತಿ ಮೆಟ್ಟಿಲ ಮೇಲೆ ಭದ್ರವಾಗಿ ಕೂರದೆ ಝೇಂಕರಿಸುತ್ತದೆ.

ಹೆಬ್ಬೆರಳೊಂದೇ ಅಲ್ಲ, ತೋಳೂ ಇದೆ

ಹೆಬ್ಬೆರಳು ಮತ್ತು ತೋರುಬೆರಳ ನಡುವೆ ದಂಡಿಯನ್ನು ಇಕ್ಕಳದಂತೆ ಹಿಡಿದರೆ ಹೆಬ್ಬೆರಳ ಬುಡದ ಪುಟ್ಟ ಸ್ನಾಯುಗಳು ಬೇಗ ದಣಿಯುತ್ತವೆ. ಗಿಟಾರನ್ನು ಸನ್ನೆಗೋಲು ಎಂದು ಭಾವಿಸಿ ನೋಡಿ. ಬಲ ಮುಂಗೈ ವಾದ್ಯದ ಒಡಲಿನ ಮೇಲೆ ಕುಳಿತು ಅದನ್ನು ದೇಹದ ಕಡೆಗೆ ಒತ್ತುತ್ತದೆ. ಎದೆಯೇ ಆನಿಕೆ ಬಿಂದು. ಆಗ ದಂಡಿಯ ತುದಿ ಮುಂದಕ್ಕೆ ಹೋಗಲು ನೋಡುತ್ತದೆ. ಎಡತೋಳು ಅದನ್ನು ಹಿಂದಕ್ಕೆ ಎಳೆಯುತ್ತದೆ. ಹೀಗೆ ತೋಳಿನ ಮತ್ತು ಬೆನ್ನಿನ ದೊಡ್ಡ ಸ್ನಾಯುಗಳು ಕೆಲಸಕ್ಕೆ ಬಂದು ಹೆಬ್ಬೆರಳ ಹೊರೆ ಇಳಿಯುತ್ತದೆ. ಎಡ ಮೊಣಕೈ ಸಡಿಲವಾಗಿ ಪಕ್ಕೆಯ ಹತ್ತಿರ ಇಳಿಬಿದ್ದಿರಲಿ, ಮಣಿಕಟ್ಟು ಅತಿಯಾಗಿ ಬಾಗದಿರಲಿ.

ಬಲ ಅತಿಯಾದರೂ ತೊಂದರೆಯೇ. ಅಗತ್ಯಕ್ಕಿಂತ ಹೆಚ್ಚು ಅದುಮಿದಾಗ ತಂತಿ ಹಿಗ್ಗಿ, ಬಿಗಿತ ಹೆಚ್ಚಿ ಶ್ರುತಿ ಏರುತ್ತದೆ. ಕಾರ್ಡ್ ಸ್ಪಷ್ಟವಾಗಿ ಕೇಳಿಸಿದರೂ ಅಪಶ್ರುತಿಯಾಗುತ್ತದೆ.

ತಪ್ಪು ವಾದ್ಯದ್ದೂ ಇರಬಹುದು

ಉಕ್ಕಿನ ತಂತಿಯ ಗಿಟಾರಿನಲ್ಲಿ ಆರು ತಂತಿಗಳ ಒಟ್ಟು ಎಳೆತ ಸುಮಾರು 70 ಕಿಲೋ ತೂಕಕ್ಕೆ ಸಮ. ಇಷ್ಟು ಬಿಗಿಯಾದ ತಂತಿಗಳು ದಂಡಿಯಿಂದ ಎತ್ತರದಲ್ಲಿದ್ದರೆ ಎಳೆಯ ಬೆರಳು ಏನು ಮಾಡೀತು? 12ನೇ ಮೆಟ್ಟಿಲ ಬಳಿ ಅಳತೆಪಟ್ಟಿ ಹಿಡಿದು ನೋಡಿ. ಮೆಟ್ಟಿಲಿಗೂ ತಂತಿಗೂ ನಡುವೆ ಎರಡರಿಂದ ಮೂರು ಮಿಲಿಮೀಟರ್ ಇದ್ದರೆ ಸರಿ. ನಾಲ್ಕು ದಾಟಿದ್ದರೆ ರಿಪೇರಿ ಮಾಡುವವರ ಬಳಿ ಒಯ್ಯಬೇಕು.

ದಂಡಿಯ ತಲೆಯ ಬಳಿ ತಂತಿಗಳು ಹಾದುಹೋಗುವ ಪಟ್ಟಿಗೆ ನಟ್ ಎಂದು ಹೆಸರು. ಇದರ ಗೀರುಗಳ ಆಳ ಸಾಲದಿದ್ದರೆ ಮೊದಲ ಮೆಟ್ಟಿಲೇ ಅತಿ ಕಷ್ಟದ್ದಾಗುತ್ತದೆ. ಆಧಾರದಿಂದ ನಾಲ್ಕು ಸೆಂಟಿಮೀಟರಿಗಿಂತ ಕಡಿಮೆ ದೂರದಲ್ಲಿ ಬಿಗಿದ ತಂತಿಯನ್ನು ಬಾಗಿಸುವುದು, ಹದಿನಾರು ಸೆಂಟಿಮೀಟರ್ ಆಚೆ ಬಾಗಿಸುವುದಕ್ಕಿಂತ ಹೆಚ್ಚು ಬಲ ಬೇಡುತ್ತದೆ. ಬಟ್ಟೆ ಒಣಗಿಸುವ ಹಗ್ಗವನ್ನು ಗೂಟದ ಪಕ್ಕದಲ್ಲಿ ಒತ್ತಿ, ಬಳಿಕ ನಡುವಿನಲ್ಲಿ ಒತ್ತಿ ನೋಡಿದರೆ ಇದು ತಿಳಿಯುತ್ತದೆ. ಆದ್ದರಿಂದ ಬಾರ್ ಕಾರ್ಡ್ ಅನ್ನು ಐದನೆಯ ಮೆಟ್ಟಿಲಲ್ಲಿ ಆರಂಭಿಸಿ, ಕೈ ಪಳಗಿದಂತೆ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಬಂದು ಎಫ್ ತಲುಪುವುದು ಜಾಣತನ. ಚಿಕ್ಕ ಮಕ್ಕಳಿಗೆ ಮುಕ್ಕಾಲು ಗಾತ್ರದ, ನೈಲಾನ್ ತಂತಿಯ ಗಿಟಾರ್ ಲೇಸು.

ಯಾವ ನೋವು ಸಹಜ?

ತಂದೆತಾಯಿಗಳು ಮುಖ್ಯವಾಗಿ ಗಮನಿಸಬೇಕಾದ ವಿಷಯ ಇದು. ಬೆರಳ ತುದಿಯ ಉರಿ ಸಹಜ. ಒತ್ತಡ ಮತ್ತು ಉಜ್ಜಾಟ ಪದೇ ಪದೇ ಬಿದ್ದಾಗ ಚರ್ಮದ ಹೊರಪದರ ದಪ್ಪವಾಗಿ ಜಡ್ಡುಗಟ್ಟುತ್ತದೆ. ವೀಣೆ ನುಡಿಸುವವರ ಬೆರಳಲ್ಲೂ ಇದನ್ನು ಕಾಣಬಹುದು. ಕೆಲವು ವಾರಗಳಲ್ಲಿ ಉರಿ ತಾನಾಗಿ ಕಡಿಮೆಯಾಗುತ್ತದೆ. ಆದರೆ ಮಣಿಕಟ್ಟಿನಲ್ಲಿ ನೋವು, ಹೆಬ್ಬೆರಳ ಬುಡದಲ್ಲಿ ಸೆಳೆತ, ಬೆರಳುಗಳಲ್ಲಿ ಜುಮ್ಮೆನ್ನುವುದು ಅಥವಾ ಮರಗಟ್ಟುವುದು ಕಂಡರೆ ಕೂಡಲೇ ನಿಲ್ಲಿಸಬೇಕು. ಅದು ಚರ್ಮದ ಮಾತಲ್ಲ, ಸ್ನಾಯುರಜ್ಜು ಅಥವಾ ನರದ್ದು. ‘ಸಹಿಸಿಕೋ, ಸರಿಹೋಗುತ್ತದೆ’ ಎಂಬ ಉಪದೇಶ ಇಲ್ಲಿ ಅಪಾಯಕಾರಿ. ಕೆಲವು ದಿನಗಳ ವಿಶ್ರಾಂತಿಯಿಂದಲೂ ಹೋಗದಿದ್ದರೆ ವೈದ್ಯರಿಗೆ ತೋರಿಸಬೇಕು.

ಹತ್ತು ನಿಮಿಷದ ಸಾಧನೆ

ಹೊಸದಾಗಿ ಬಲ ಬೇಡುವ ಕೆಲಸ ಕಲಿಯುವಾಗ ಮೊದಲ ವಾರಗಳಲ್ಲಿ ಕಾಣುವ ಪ್ರಗತಿ ಬಹುಪಾಲು ನರಮಂಡಲದ್ದು. ಸ್ನಾಯು ಬೆಳೆಯುವುದು ಆಮೇಲೆ. ಯಾವ ಸ್ನಾಯುವನ್ನು ಯಾವಾಗ, ಎಷ್ಟು ಬಿಗಿಯಬೇಕು ಎಂಬುದನ್ನು ಮಿದುಳು ಕಲಿಯಬೇಕು. ಈ ಕಲಿಕೆ ಗಟ್ಟಿಯಾಗಲು ನಡುವೆ ಬಿಡುವು ಮತ್ತು ರಾತ್ರಿಯ ನಿದ್ದೆ ಬೇಕು. ಹೀಗಾಗಿ ಭಾನುವಾರ ಒಂದೇ ಬಾರಿ ಎರಡು ಗಂಟೆ ಗುದ್ದಾಡುವುದಕ್ಕಿಂತ ದಿನಕ್ಕೆ ಹತ್ತು ನಿಮಿಷ ಲೇಸು. ಪರೀಕ್ಷೆಯ ದಿನಗಳಲ್ಲೂ ಹತ್ತು ನಿಮಿಷದಿಂದ ಓದು ಕೆಡುವುದಿಲ್ಲ.

ಕ್ರಮ ಹೀಗಿರಲಿ: ಕಾರ್ಡ್ ಹಿಡಿದು ಒಂದೊಂದೇ ತಂತಿ ಮೀಟಿ ಆಲಿಸಬೇಕು. ನುಡಿಯದ ತಂತಿ ಯಾವುದೆಂದು ಗುರುತಿಸಿ, ಬಲ ಹೆಚ್ಚಿಸುವ ಬದಲು ಬೆರಳ ಜಾಗ ಸರಿಪಡಿಸಬೇಕು. ಐದು ಸೆಕೆಂಡ್ ಹಿಡಿದು, ಐದು ಸೆಕೆಂಡ್ ಕೈ ಪೂರ್ತಿ ಸಡಿಲ ಬಿಡಬೇಕು. ಆರೂ ತಂತಿ ಕೂಡಲೇ ಒಲಿಯದಿದ್ದರೆ ಮೊದಲ ಎರಡು ತಂತಿಗಳನ್ನಷ್ಟೇ ತೋರುಬೆರಳಿಂದ ಒತ್ತುವ ನಾಲ್ಕು ತಂತಿಯ ‘ಚಿಕ್ಕ ಎಫ್’ ಇದೆ. ಹಾಡು ನಿಲ್ಲುವುದಿಲ್ಲ, ಕೈಯೂ ಪಳಗುತ್ತದೆ.

ಎಲ್ಲರ ಕೈಯೂ ಒಂದೇ ಅಚ್ಚಿನದಲ್ಲ. ಜ್ಯಾಂಗೊ ರೈನ್‌ಹಾರ್ಟ್ ಎಂಬ ಪ್ರಸಿದ್ಧ ವಾದಕನ ಎಡಗೈಯ ಎರಡು ಬೆರಳುಗಳು 1928ರ ಬೆಂಕಿ ಅನಾಹುತದಲ್ಲಿ ಸುಟ್ಟು ಬಹುಮಟ್ಟಿಗೆ ನಿಷ್ಕ್ರಿಯವಾದವು. ಆಗ ಆತನಿಗೆ 18 ವರ್ಷ. ಉಳಿದ ಬೆರಳುಗಳಿಗೆ ಹೊಂದುವ ಹೊಸ ದಾರಿಯನ್ನೇ ಕಂಡುಕೊಂಡು ಆತ ಯುರೋಪಿನ ಜಾಜ್ ಸಂಗೀತದಲ್ಲಿ ದೊಡ್ಡ ಹೆಸರಾದ.

ಮಾಡಿ ನೋಡಿ

1. ನಟ್‌ನಿಂದ 12ನೇ ಮೆಟ್ಟಿಲವರೆಗೆ, ಅಲ್ಲಿಂದ ಕುದುರೆಯವರೆಗೆ ತಂತಿಯ ಉದ್ದ ಅಳೆಯಿರಿ. ಎರಡೂ ಹೆಚ್ಚುಕಡಿಮೆ ಸಮ. ಎರಡನೆಯದು ಒಂದೆರಡು ಮಿಲಿಮೀಟರ್ ಹೆಚ್ಚಿರಬಹುದು. ಒತ್ತಿದಾಗ ಏರುವ ಶ್ರುತಿಯನ್ನು ಸರಿದೂಗಿಸಲು ತಯಾರಕರು ಮಾಡಿದ ಉಪಾಯ ಅದು.

2. ಐದನೆಯ ಮೆಟ್ಟಿಲಲ್ಲಿ ಬಾರ್ ಕಾರ್ಡ್ ಹಿಡಿದು ಹೆಬ್ಬೆರಳನ್ನು ದಂಡಿಯಿಂದ ತೆಗೆದುಬಿಡಿ. ತೋಳಿನ ಎಳೆತದಿಂದಲೇ ಎಷ್ಟು ತಂತಿಗಳು ನುಡಿಯುತ್ತವೆ ಎಂದು ಎಣಿಸಿ. ವಾರಕ್ಕೊಮ್ಮೆ ಈ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಡಿ. ಮಗುವಿಗೆ ಇದು ಹತ್ತುತ್ತದೋ ಇಲ್ಲವೋ ಎಂಬುದನ್ನು ಆ ಪುಟವೇ ಹೇಳಲಿ.